ಹುಳು ತಿಂದ ತೂತನ್ನೂ ಬಿಡದೆ

ಆ ಹಸ್ತಪ್ರತಿಯಲ್ಲಿ 95 ಹಾಳೆಗಳಿದ್ದವು. ಕೈಯಲ್ಲಿ ಮಾಡಿದ ಕಾಗದ, ಮಾಚಿಕಾಯಿ ಶಾಯಿ, ಕೆಂಪು ಶೀರ್ಷಿಕೆಗಳು, 4 ಪುಟಗಳಲ್ಲಿ ಚಿನ್ನದ ರೇಕು. ಅದರ ಪಡಿಯಚ್ಚು, ಅಂದರೆ ಫ್ಯಾಕ್ಸಿಮಿಲಿ, ಮಾಡಿ ಮುಗಿಸಲು ನನಗೆ 14 ತಿಂಗಳು ಹಿಡಿಯಿತು. ಬರಹ ಓದಲು ಸಿಕ್ಕರೆ ಸಾಕು ಅನ್ನುವವರಿಗೆ ಸ್ಕ್ಯಾನ್ ಪ್ರತಿಯೇ ಸಾಕು. ಪಡಿಯಚ್ಚು ಹಾಗಲ್ಲ. ಕಲೆ, ಹರಕು, ಹುಳು ತಿಂದ ತೂತು, ಯಾರೋ ಹಾಕಿದ ತೇಪೆ, ಎಲ್ಲವೂ ಇದ್ದ ಜಾಗದಲ್ಲೇ ಇರಬೇಕು. ತಿದ್ದಬೇಕೆಂದು ಕೈ ತುಡಿಯುತ್ತಲೇ ಇರುತ್ತದೆ. ಆ ಕೈಯನ್ನು ತಡೆದುಕೊಳ್ಳುವುದೇ ಈ ಕೆಲಸದಲ್ಲಿ ದೊಡ್ಡ ಕಷ್ಟ.

ಕ್ಯಾಮೆರಾ ಮುಟ್ಟುವ ಮೊದಲು ಒಂದು ವಾರ ಹಾಳೆ ಎಣಿಸಿದೆ. 4 ದೊಡ್ಡ ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಚಿದರೆ 8 ಹಾಳೆಗಳ ಒಂದು ಕಟ್ಟು. ಅಂಥ 12 ಕಟ್ಟುಗಳಿದ್ದರೆ 96 ಹಾಳೆ ಇರಬೇಕು, ಅಲ್ವಾ? ಒಂದು ಕಡಿಮೆ ಇತ್ತು. ಹುಡುಕಿದಾಗ 7ನೇ ಕಟ್ಟಿನಲ್ಲಿ, ಹೊಲಿಗೆಯ ಹತ್ತಿರ, ಬೆರಳಗಲದ ಒಂದು ಪಟ್ಟಿ ಉಳಿದಿರುವುದು ಕಂಡಿತು. ಹಾಳೆ ಕತ್ತರಿಸಿದ್ದರೂ ಬರಹ ಎಲ್ಲೂ ತುಂಡಾಗಿರಲಿಲ್ಲ. ಬರೆದವನೇ ತಪ್ಪಾದ ಹಾಳೆಯನ್ನು ತೆಗೆದಿರಬೇಕು ಅಂತ ನನಗೆ ಅನ್ನಿಸಿತು. ಪಡಿಯಚ್ಚಿನಲ್ಲೂ ಆ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡೆ.

ಚಿತ್ರ ತೆಗೆಯುವಾಗ ಪುಸ್ತಕವನ್ನು ಪೂರ್ತಿ ಬಿಚ್ಚಲಿಲ್ಲ. ಬೆನ್ನು ಬಿರಿಯುತ್ತದೆ. ಸುಮಾರು 100 ಡಿಗ್ರಿ ಮಾತ್ರ ತೆರೆದುಕೊಳ್ಳುವ ತೊಟ್ಟಿಲಿನಂಥ ಆಸರೆಯಲ್ಲಿ ಇಟ್ಟು, ಅಂಚನ್ನು ತೆಳು ಪಾಲಿಯೆಸ್ಟರ್ ಪಟ್ಟಿಯಿಂದ ಹಿಡಿದೆ. ಮೇಲೆ ಗಾಜು ಒತ್ತಲಿಲ್ಲ. ಐರ್ಲೆಂಡಿನ ಹೆಸರಾಂತ ಹಳೆಯ ಹಸ್ತಪ್ರತಿ ಬುಕ್ ಆಫ್ ಕೆಲ್ಸ್‌ನ ಪಡಿಯಚ್ಚು 1990ರಲ್ಲಿ ಬಂತು. ಅದರ ಹಾಳೆಗಳನ್ನು ಮುಟ್ಟದೆ, ಗಾಳಿ ಹೀರಿ ಸಮ ಮಾಡುವ ವಿಧಾನವನ್ನೇ ಹೊಸದಾಗಿ ರೂಪಿಸಿದ್ದರು. ನನ್ನ ಬಳಿ ಅಂಥದ್ದೇನೂ ಇರಲಿಲ್ಲ, ತಾಳ್ಮೆಯೇ ಗತಿ. ಮೂಲದ ಅಳತೆಯಲ್ಲೇ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಪ್ರತಿ ಚಿತ್ರದಲ್ಲೂ 24 ಬಣ್ಣದ ಕಲರ್ ಚಾರ್ಟ್ ಮತ್ತು ಒಂದು ಅಳತೆಪಟ್ಟಿ.

ಆ ಅಳತೆಪಟ್ಟಿಯನ್ನು ಇಟ್ಟೆನೇ ಹೊರತು ಅದನ್ನು ನೋಡಲೇ ಇಲ್ಲ. ಮೊದಲು ಎಲ್ಲ ಬಲಪುಟಗಳನ್ನು ತೆಗೆದೆ, ಆಮೇಲೆ ಎಡಪುಟಗಳನ್ನು. ಹಾಳೆ ತಿರುವುತ್ತಾ ಹೋದಂತೆ ಒಂದು ಬದಿ ತಗ್ಗಿ ಇನ್ನೊಂದು ಬದಿ ಏರುತ್ತದೆ, ಕ್ಯಾಮೆರಾದಿಂದ ದೂರ ಬದಲಾಗುತ್ತದೆ. ತಿಂಗಳುಗಳ ನಂತರ ಮೊದಲ ಡಮ್ಮಿ, ಅಂದರೆ ಮಾದರಿ ಪ್ರತಿ, ಕಟ್ಟಿದಾಗ 31ನೇ ಹಾಳೆಯಲ್ಲಿ ಹುಳುವಿನ ತೂತು ಮುಂದೆ ಒಂದು ಕಡೆ, ಹಿಂದೆ 2 ಮಿಲಿಮೀಟರ್ ಆಚೆ! ಎಡಪುಟಗಳನ್ನೆಲ್ಲ ಮತ್ತೆ ತೆಗೆದೆ. ಪ್ರತಿ ಹಾಳೆಗೂ ದೂರ ಸರಿಮಾಡಿ, ಅಳತೆಪಟ್ಟಿ ನೋಡಿಯೇ ಬಟನ್ ಒತ್ತಿದೆ.

ಇನ್ನೊಂದು ತೊಡಕು ಕಾಗದದ ಬಣ್ಣ. ಚಿತ್ರದಲ್ಲಿ ಹಳೆ ಕಾಗದದ ಹಳದಿ ಇರುತ್ತದೆ. ಬಿಳಿ ಕಾಗದದ ಮೇಲೆ ಅಚ್ಚು ಹಾಕಿದರೆ ಕತ್ತರಿಸಿದ ಅಂಚು ಬೆಳ್ಳಗೆ ಹೊಳೆಯುತ್ತದೆ. ಹಳದಿ ಕಾಗದವೇ ತಂದರೆ ಹಳದಿ ಎರಡು ಸಲ ಬೀಳುತ್ತದೆ. ಕೊನೆಗೆ ಮೂಲದಲ್ಲೇ ಅತಿ ತಿಳಿಯಾದ ಜಾಗದ ಬಣ್ಣಕ್ಕೆ ಹೊಂದುವ ಹತ್ತಿ ಕಾಗದ ಹುಡುಕಿ, ಅಷ್ಟು ಬಣ್ಣವನ್ನು ಚಿತ್ರದಿಂದ ಕಳೆದೆ. ಹಿಂಬದಿಯ ಬರಹ ಮುಂದೆ ಮಸುಕಾಗಿ ಕಾಣುವುದಕ್ಕೂ ಇದೇ ಲೆಕ್ಕ. ಹೊಸ ಕಾಗದದಲ್ಲೂ ಹಿಂದಿನ ಅಕ್ಷರ ಕಾಣಿಸುತ್ತದೆ, ಹಾಗಾಗಿ ಚಿತ್ರದಲ್ಲಿದ್ದ ಆ ನೆರಳನ್ನು ಸ್ವಲ್ಪ ಇಳಿಸಲೇಬೇಕಾಯಿತು.

ಮಾಚಿಕಾಯಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಸೇರಿಸಿ ಮಾಡುವ ಶಾಯಿ ಮೊದಲು ಕಪ್ಪಗಿದ್ದು ವರ್ಷ ಕಳೆದಂತೆ ಕಂದಾಗುತ್ತದೆ. ಒಂದೇ ಗೀಟಿನಲ್ಲಿ ಲೇಖನಿ ಅದ್ದಿದ ಜಾಗ ಗಾಢ, ಮುಂದೆ ತೆಳು. ಅದು ಉಳಿದರೆ ಬರೆದವನ ಕೈ ಎಲ್ಲಿ ನಿಂತಿತು ಅಂತ ಕಾಣುತ್ತದೆ. ಸಾಮಾನ್ಯ ಆಫ್‌ಸೆಟ್‌ನಲ್ಲಿ ಚುಕ್ಕಿಗಳು ಸಾಲಾಗಿ ಕೂರುವುದರಿಂದ ಅಕ್ಷರದ ಅಂಚು ಒಡೆಯುತ್ತದೆ. 20 ಮೈಕ್ರಾನ್ ಚುಕ್ಕಿಗಳು ಸಾಲಿಲ್ಲದೆ ಚದುರಿರುವ ಸ್ಟೋಕಾಸ್ಟಿಕ್ ಸ್ಕ್ರೀನ್ ಆರಿಸಿಕೊಂಡೆ. 19ನೇ ಶತಮಾನದ ಅಚ್ಚಿನ ವಿಧಾನವಾದ ಕೊಲೋಟೈಪ್‌ನಲ್ಲಿ ಇಂಥ ಚುಕ್ಕಿಯೇ ಇರುತ್ತಿರಲಿಲ್ಲ, ಗಾಜಿನ ಮೇಲಿನ ಜೆಲಟಿನ್ ಪದರವೇ ಶಾಯಿ ಹಿಡಿಯುತ್ತಿತ್ತು. ಅದನ್ನು ಕಲಿಯುವ ಆಸೆ ಈಗಲೂ ಇದೆ.

ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ಬಂದಾಗ ಹಗಲಿನ ಬೆಳಕನ್ನು ಹೋಲುವ 5000 ಕೆಲ್ವಿನ್ ದೀಪದ ಕೆಳಗೆ ಮೂಲದ ಪಕ್ಕದಲ್ಲಿಟ್ಟು ನೋಡಿದೆ. ಚೆನ್ನಾಗಿ ಹೊಂದಿತ್ತು. ಅದನ್ನೇ ಹಳದಿ ಬಲ್ಬಿನ ಕೋಣೆಗೆ ಒಯ್ದರೆ ಕೆಂಪು ಶೀರ್ಷಿಕೆ ಬೇರೆಯೇ ಕೆಂಪು! ಮೂಲದಲ್ಲಿರುವುದು ಇಂಗಳೀಕ ಎಂಬ ಕೆಂಪು ಖನಿಜದ ಬಣ್ಣ, ನನ್ನದು ಅಚ್ಚಿನ ಶಾಯಿ. ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದಬೇಕಿಲ್ಲ. ಓದುವವರು ಹೆಚ್ಚಾಗಿ ಹಗಲಿನ ಬೆಳಕಿನಲ್ಲಿ ನೋಡುತ್ತಾರೆ ಅಂತ ಅದನ್ನೇ ಆಧಾರವಾಗಿಟ್ಟುಕೊಂಡೆ. 5 ಪ್ರೂಫ್ ಆದವು.

ಚಿನ್ನದ ಹೊಳಪನ್ನು ಸಾಮಾನ್ಯ ಅಚ್ಚಿನಿಂದ ತರಲಾಗುವುದಿಲ್ಲ. ನಾಲ್ಕು ಬಣ್ಣ ಸೇರಿಸಿದರೆ ಬರುವುದು ಬರೀ ಕಂದು. ಎಲ್ಲೆಲ್ಲಿ ಸವೆದಿದೆ ಅಂತ ಓರೆ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆದು ಗುರುತು ಮಾಡಿಕೊಂಡೆ. ಆಮೇಲೆ ಪ್ರತಿಯೊಂದು ಪ್ರತಿಗೂ ಕೈಯಿಂದಲೇ ರೇಕು ಅಂಟಿಸಿ, ಸವೆದ ಜಾಗ ಬಿಟ್ಟು ಉಜ್ಜಿದೆ.

ತೂತುಗಳನ್ನು ಲೇಸರ್‌ನಿಂದ ಕೊರೆಸಿದೆ. ಹುಳು ಒಳಗೆ ಹೋದಂತೆ ತೂತು ಓರೆಯಾಗಿ ಸರಿಯುತ್ತದೆ, ಆದ್ದರಿಂದ ಪ್ರತಿ ಹಾಳೆಗೂ ಬೇರೆ ನಕ್ಷೆ ಬೇಕು. ಹೊಲಿಗೆಗೆ ಮೂಲದ ರಂಧ್ರಗಳನ್ನೇ ಅಳೆದು, ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಓಡುವಂತೆ ಮಡಚಿದೆವು. ಇಲ್ಲದಿದ್ದರೆ ಪುಸ್ತಕ ಸೆಟೆದುಕೊಂಡು ತೆರೆಯುವುದೇ ಇಲ್ಲ.

ಮೂಲದಲ್ಲಿ ಇಲ್ಲದ್ದನ್ನು ನಾನು ಸೇರಿಸಿದ್ದು ಒಂದೇ. ಕೊನೆಯಲ್ಲಿ ಒಂದು ಹಾಳೆ ಕಟ್ಟಿ, ಇದು ಪಡಿಯಚ್ಚು, ಇಂಥ ವರ್ಷ ಮಾಡಿದ್ದು, ಪ್ರತಿಯ ಸಂಖ್ಯೆ ಇಷ್ಟು ಅಂತ ಅಚ್ಚು ಹಾಕಿಸಿದೆ. ಯಾರಾದರೂ ಆ ಹಾಳೆ ಕಿತ್ತು ಇದನ್ನೇ ಮೂಲವೆಂದು ಮಾರಬಹುದು ಅನ್ನುವ ಅಳುಕಿತ್ತು. ಅದಕ್ಕೇ 7ನೇ ಕಟ್ಟಿನ ಆ ಬೆರಳಗಲದ ಪಟ್ಟಿಯ ಹಿಂಬದಿಯಲ್ಲೂ, ಹೊಲಿಗೆಗೆ ತಾಗಿ, ಅದೇ ಸಂಖ್ಯೆಯನ್ನು ಚಿಕ್ಕದಾಗಿ ಒತ್ತಿದ್ದೇನೆ.