ಮಗಳ ಮೊದಲ .22 ರೈಫಲ್: ಕಡಿಮೆ ಖರ್ಚಿನಲ್ಲಿ ನಾನು ಮಾಡಿಕೊಂಡ ಬದಲಾವಣೆಗಳು

ಮಗಳ .22 ರೈಫಲ್‌ಗೆ ಏನೇನು ಹಾಕಿಸಬೇಕು ಅಂತ ಕೇಳಿದಾಗ ಹೆಚ್ಚಿನವರು ಹೇಳಿದ್ದು ಸ್ಕೋಪ್ (ಗುರಿ ನೋಡುವ ದುರ್ಬೀನು), ಬೈಪಾಡ್ (ರೈಫಲ್‌ನ ಮುಂಭಾಗ ಊರುವ ಎರಡು ಕಾಲಿನ ಸ್ಟ್ಯಾಂಡ್), ದಪ್ಪ ನಳಿಗೆ. ನಾನು ಮೊದಲು ಕೈ ಹಾಕಿದ್ದು ಸ್ಟಾಕ್‌ಗೆ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಮರದ ಭಾಗಕ್ಕೆ. ರೈಫಲ್ ಮೈಗೆ ಹೊಂದದಿದ್ದರೆ ಅದರ ಮೇಲೆ ಏನು ಕೂರಿಸಿದರೂ ಉಪಯೋಗ ಕಡಿಮೆ.

ದೊಡ್ಡವರ ರೈಫಲ್‌ನಲ್ಲಿ ಟ್ರಿಗರ್‌ನಿಂದ ಸ್ಟಾಕ್‌ನ ಹಿಂತುದಿಗೆ ಸುಮಾರು 13.5 ಇಂಚು ಇರುತ್ತದೆ. ಇಷ್ಟು ಉದ್ದದ್ದನ್ನು ಹಿಡಿದ ಮಕ್ಕಳು ಕುತ್ತಿಗೆ ಮುಂದೆ ಚಾಚಿ, ಸೊಂಟದಿಂದ ಹಿಂದಕ್ಕೆ ವಾಲಿ ನಿಲ್ಲುತ್ತಾರೆ. ಆ ಅಭ್ಯಾಸ ಆಮೇಲೆ ಬಿಡಿಸುವುದು ಕಷ್ಟ. ಮಗಳ ಮೊಣಕೈ ಮಡಚಿಸಿ, ಮಡಿಕೆಯಿಂದ ತೋರುಬೆರಳಿನ ತುದಿ ಗೆಣ್ಣಿನವರೆಗೆ ಅಳೆದೆ. 11.5 ಇಂಚು ಬಂತು.

ರೈಫಲ್ ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ನಳಿಗೆ ಮತ್ತು ಆ್ಯಕ್ಷನ್ (ತೋಟಾ ತುಂಬಿ ಸಿಡಿಸುವ ಯಂತ್ರಭಾಗ) ಬಿಚ್ಚಿ ತೆಗೆದಿಟ್ಟೆ. ಬರೀ ಮರದ ಸ್ಟಾಕ್ ಮಾತ್ರ ಆ ಅಳತೆಗೆ ಕೊಯ್ಯಲು ಬಡಗಿಗೆ ಕೊಟ್ಟೆ. ಕೊಯ್ಯುವ ಗೆರೆ ಮೇಲೆ ಟೇಪ್ ಸುತ್ತಿದ್ದರಿಂದ ಅಂಚಿನ ಮರ ಸಿಪ್ಪೆ ಏಳಲಿಲ್ಲ. ಕೊಯ್ದ ತುಂಡನ್ನು ಬಿಸಾಡಬೇಡಿ. ಅದನ್ನೇ ಬಿಲ್ಲೆಗಳಾಗಿ ಸೀಳಿಸಿ ಇಟ್ಟುಕೊಂಡಿದ್ದೇನೆ. ಮಗಳು ಬೆಳೆದಂತೆ ಉದ್ದದ ಸ್ಕ್ರೂ ಹಾಕಿ ಒಂದೊಂದೇ ಬಿಲ್ಲೆ ಸೇರಿಸುತ್ತಾ ಹೋಗಬಹುದು. ಈಗಾಗಲೇ ಒಂದು ಒಳಗೆ ಹೋಗಿದೆ. ಕೊಯ್ದ ಕಡೆ ಮರ ತೇವ ಹೀರುತ್ತದೆ, ಅಲ್ಲಿ ಎಣ್ಣೆ ಹಚ್ಚಲೇಬೇಕು.

ಆಮೇಲೆ ಕೆನ್ನೆಯ ಎತ್ತರ. ಗಟ್ಟಿ ಫೋಮ್ ತುಂಡೊಂದನ್ನು ಸ್ಟಾಕ್ ಮೇಲಿಟ್ಟು ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿದೆ, ಅಷ್ಟೇ. ಕಣ್ಣು ಮುಚ್ಚಿ ಕೆನ್ನೆ ಇಡಲು ಹೇಳಿ, ಹಾಗೇ ಕಣ್ಣು ಬಿಡಿಸಿ. ತಲೆ ಅಲ್ಲಾಡಿಸದೆ ಸೈಟ್ (ಗುರಿ ನೋಡುವ ಭಾಗ) ನೇರ ಕಂಡರೆ ಎತ್ತರ ಸರಿ. ತೋಟಾ ಹಾಕಲು ಬೋಲ್ಟ್ ಎಂಬ ಸರಳನ್ನು ಹಿಂದೆ ಎಳೆದಾಗ ಅದು ಫೋಮ್‌ಗೆ ತಾಗಬಾರದು.

ಇಯರ್‌ಮಫ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ದಪ್ಪ ಮಫ್ ಸ್ಟಾಕ್‌ಗೆ ಬಡಿದು ಮುಖವನ್ನು ಮೇಲೆ ತಳ್ಳುತ್ತದೆ. ಕೆಳಗೆ ಕಿರಿದಾಗಿರುವ ಮಫ್ ಕೊಡಿಸಿ, ಒಳಗೆ ಇಯರ್‌ಪ್ಲಗ್ ಹಾಕಿಸಿದೆ. ಕಣ್ಣು ಕಾಯುವ ಕನ್ನಡಕ ಇಲ್ಲದೆ ಒಂದು ಗುಂಡೂ ಬೇಡ. .22 ತೋಟಾ ರಿಮ್‌ಫೈರ್, ಅಂದರೆ ಅಂಚಿಗೆ ಪಿನ್ ಬಡಿದು ಸಿಡಿಯುವಂಥದ್ದು. ಆ ಅಂಚು ತೆಳು, ಸೀಳಿದರೆ ಬಿಸಿ ಗ್ಯಾಸ್ ಹಿಂದಕ್ಕೆ ಬರುತ್ತದೆ.

ಸೈಟ್ ವಿಷಯಕ್ಕೆ, ಕಲಿಯುವವರಿಗೆ ಪೀಪ್ ಸೈಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದರ ಸಣ್ಣ ತೂತಿನ ನಡುವೆ ಕಣ್ಣು ತಾನಾಗೇ ಹೋಗಿ ನಿಲ್ಲುತ್ತದೆ. ಸ್ಕೋಪೇ ಬೇಕಂದರೆ ರಿಮ್‌ಫೈರ್‌ಗೆ ಅಂತಲೇ ಮಾಡಿದ್ದು ತೆಗೆದುಕೊಳ್ಳಿ. ದೊಡ್ಡ ರೈಫಲ್‌ಗಳ ಸ್ಕೋಪ್‌ನಲ್ಲಿ ಪ್ಯಾರಲಾಕ್ಸ್, ಅಂದರೆ ತಲೆ ಸರಿದಾಗ ಗೆರೆಯೂ ಸರಿದಂತೆ ಕಾಣುವ ದೋಷ, ಸಾಮಾನ್ಯವಾಗಿ 100 ಗಜದಲ್ಲಿ ಬಾರದಂತೆ ಹೊಂದಿಸಿರುತ್ತಾರೆ. 25 ಮೀಟರ್‌ನಲ್ಲಿ ತಲೆ ಸ್ವಲ್ಪ ಅಲ್ಲಾಡಿದರೂ ಅದರ ಗೆರೆ ಗುರಿ ಮೇಲೆ ಜಾರುತ್ತದೆ.

ಬೈಪಾಡ್ ಬದಲು ಸ್ಲಿಂಗ್ ಪಟ್ಟಿ ಹಾಕಿದೆ. ಮುಂದೆ ಭಾರ ಜಾಸ್ತಿಯಾದಷ್ಟೂ ಮಕ್ಕಳ ಕೈ ಬೇಗ ಸೋಲುತ್ತದೆ. ಮಲಗಿ ಹೊಡೆಯುವಾಗ ಮೇಲ್ದೋಳಿಗೆ ಬಿಗಿದ ಪಟ್ಟಿ ಆ ಭಾರ ಹೊರುತ್ತದೆ, ತೋಳಿನ ಸ್ನಾಯು ಸಡಿಲ ಬಿಡಬಹುದು.

ಟ್ರಿಗರ್ ನಾನು ಮುಟ್ಟಲಿಲ್ಲ. ಅದು ಗನ್‌ಸ್ಮಿತ್ ಕೆಲಸ, ಅದೂ ತೀರಾ ಹಗುರ ಮಾಡಿಸಬಾರದು. ಮನೆಯಲ್ಲಿ ಡ್ರೈ ಫೈರ್ (ತೋಟಾ ಇಲ್ಲದೆ ಟ್ರಿಗರ್ ಎಳೆಯುವ) ಅಭ್ಯಾಸಕ್ಕೆ ಸ್ನ್ಯಾಪ್ ಕ್ಯಾಪ್, ಅಂದರೆ ಸಿಡಿಯದ ನಕಲಿ ತೋಟಾ ತಂದೆ. ಖಾಲಿ ಚೇಂಬರ್‌ನಲ್ಲಿ (ತೋಟಾ ಕೂರುವ ಜಾಗ) ಹೊಡೆದರೆ ಹಲವು ರಿಮ್‌ಫೈರ್‌ಗಳಲ್ಲಿ ಫೈರಿಂಗ್ ಪಿನ್ ಚೇಂಬರ್ ಅಂಚಿಗೇ ಬಡಿಯುತ್ತದೆ.

ಉಳಿದ ದುಡ್ಡೆಲ್ಲಾ ತೋಟಾಗಳಿಗೆ. ಒಂದೊಂದು ನಳಿಗೆಗೆ ಒಂದೊಂದು ತೋಟಾ ಒಗ್ಗುತ್ತದೆ. ಬೇರೆ ಬೇರೆ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಪೆಟ್ಟಿಗೆಗಳನ್ನು ತಂದು, ಮರಳುಚೀಲದ ಮೇಲಿಟ್ಟು ಐದೈದು ಗುಂಡಿನ ಗ್ರೂಪ್, ಅಂದರೆ ಅವು ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಅಂತ ನೋಡಿದೆವು. ಸೆಕೆಂಡಿಗೆ ಸುಮಾರು 1070 ಅಡಿ ವೇಗದ ಈ ಗುಂಡು ಶಬ್ದದ ವೇಗ ದಾಟುವುದಿಲ್ಲ. ಹೈ ವೆಲಾಸಿಟಿ ಗುಂಡು ದಾಟಿ, ದಾರಿ ಮಧ್ಯೆ ಮತ್ತೆ ಕೆಳಗಿಳಿಯುವಾಗ ತುಸು ಹೊಯ್ದಾಡುತ್ತದೆ. ಕಂಪನಿ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ, ಹಳೆಯ ಗುಂಡುಗಳ ಮೇಲಿದ್ದ ಮೇಣ ನಳಿಗೆಯಲ್ಲಿ ಇನ್ನೂ ಇರುತ್ತದೆ. ನಮ್ಮ ರೈಫಲ್‌ಗೆ ಒಗ್ಗಿದ್ದು ಮಧ್ಯಮ ಬೆಲೆಯದು. ಪೆಟ್ಟಿಗೆ ಮೇಲಿನ ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರ್ ಬರೆದಿಟ್ಟುಕೊಂಡು, ಅದೇ ಲಾಟ್ ಸಿಕ್ಕಷ್ಟು ತಂದಿಟ್ಟೆ.