ಲಕ್ಕವ್ವ ಹೋದ ಮೇಲೆ

ನಮ್ಮ ಜಗಳೂರು ಕಡೆ ದೀಪಾವಳಿ ಹೊತ್ತಿಗೆ ಯಾರ ಅಂಗಳ ನೋಡಿದರೂ ಮೆಕ್ಕೆಜೋಳದ ರಾಶಿ. ನಾವೂ ಮಿಷನ್‌ಗೆ ಹಾಕಿಸಿ, ಕಾಳು ಒಣಗಲು ಹರವಿ, ರಾತ್ರಿ ತಾಡಪಾಲು ಹೊದಿಸಿದ್ದೆವು. ಆ ರಾತ್ರಿ ನಮ್ಮ ಹಸು ಲಕ್ಕವ್ವನ ಕಣ್ಣಿಯನ್ನು ಗೂಟಕ್ಕೆ ಕಟ್ಟಿದವಳು ನಾನು. ಒಳಗೆ ಒಲೆ ಮೇಲೆ ಸಾರು ಉಕ್ಕುತ್ತಿತ್ತು. ಒಂದೇ ಸುತ್ತು ಸುತ್ತಿ ಎದ್ದು ಓಡಿದೆ.

ಬೆಳಿಗ್ಗೆ ಐದಕ್ಕೆ ನೋಡಿದರೆ ಲಕ್ಕವ್ವ ರಾಶಿ ಪಕ್ಕ ನಿಂತಿದ್ದಾಳೆ. ತಾಡಪಾಲಿನ ಒಂದು ಮೂಲೆ ಮಡಚಿಕೊಂಡು ಜೊಲ್ಲಿನಿಂದ ಒದ್ದೆಯಾಗಿತ್ತು. ಬೈದೆ, ನಗೂ ಬಂತು, ಎಳೆದು ಕಟ್ಟಿದೆ. ಹಾಲು ಕರೆದು ಡೈರಿಗೆ ಹಾಕಿ ಬಂದೆ. ಬಾಯಾರಿರಬೇಕು ಅಂತ ಎರಡು ಬಕೆಟ್ ನೀರೂ ಇಟ್ಟೆ. ಮಧ್ಯಾಹ್ನ ಮೆಲುಕು ನಿಂತಿತ್ತು. ಸಂಜೆ ನೀರು ನೀರಾದ ಸಗಣಿ, ಹುಳಿ ವಾಸನೆ, ಅದರ ತುಂಬ ಕಾಳು. ಆಗ ದನದ ಡಾಕ್ಟರನ್ನು ಕರೆಸೋ 1962 ನಂಬರಿಗೆ ಫೋನ್ ಮಾಡಿದೆ. ಡಾಕ್ಟರು ಬಂದು ಬಾಟಲಿ ಏರಿಸಿದರು, ಸೋಡಾ ಕಲಸಿ ಕುಡಿಸಿದರು. ಮಾರನೇ ದಿನ ಮಧ್ಯಾಹ್ನ, ತಲೆಯನ್ನು ಪಕ್ಕೆಗೆ ಒರಗಿಸಿಕೊಂಡು ಮಲಗಿದವಳು ಮತ್ತೆ ಏಳಲಿಲ್ಲ.

ಅಕ್ಕಪಕ್ಕದವರು ಕಣ್ಣು ಬಿದ್ದಿದೆ ಅಂದರು. ನಾನು ಡಾಕ್ಟರನ್ನೇ ಕೇಳಿದೆ, ಹೊಟ್ಟೆಯೊಳಗೆ ಏನಾಯ್ತು ಅಂತ. ಕಾಳು ಒಮ್ಮೆಲೇ ಜಾಸ್ತಿ ಹೋದರೆ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರುತ್ತದಂತೆ. ಆ ಹುಳಿ ಮೈಯ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಆಮೇಲೆ ರಕ್ತವೂ ಹುಳಿಯಾಗುತ್ತದೆ. ಕಾಳು ತಿಂದದ್ದು ಗೊತ್ತಾದ ಕೂಡಲೇ ಕರೆಯಬೇಕಿತ್ತು, ಹಸು ಗಟ್ಟಿಯಾಗಿ ನಿಂತಿದ್ದರೂ ಸರಿ. ಅಷ್ಟು ಕೇಳಿದ ಮೇಲೆ ದುಃಖವೇನೂ ಇಳಿಯಲಿಲ್ಲ. ಆದರೆ ಯಾರ ಕಣ್ಣು, ಯಾವ ದೇವರ ಸಿಟ್ಟು ಅಂತ ಹುಡುಕಿಕೊಂಡು ಹೋಗೋದು ತಪ್ಪಿತು.

ಹೂಳುವ ಮೊದಲೇ ಫೋಟೋ ತೆಗೆಸಿ, ಪೋಸ್ಟ್ ಮಾರ್ಟಂ ಮಾಡಿಸಿದೆವು. ವಿಮೆಗೆ ಅದು ಬೇಕು, ಹೂತ ಮೇಲೆ ಏನೂ ಮಾಡೋಕಾಗಲ್ಲ. ಕಿವಿಗೆ ಗುರುತಿಗಂತ ಹಾಕಿದ್ದ ಹಳದಿ ಓಲೆಯನ್ನೂ ಕೊಡಬೇಕಿತ್ತು. ಹನ್ನೆರಡು ಅಂಕಿಯ ಆ ನಂಬರನ್ನು ನಾನು ಅವತ್ತೇ ಮೊದಲ ಸಲ ಪೂರ್ತಿ ಓದಿದ್ದು. ಬಾವಿಯಿಂದ ದೂರ, ಹೊಲದ ಬದುವಿನಲ್ಲಿ ಜೆಸಿಬಿಯಿಂದ ಆಳದ ಗುಂಡಿ ತೋಡಿಸಿ, ಸುಣ್ಣ, ಉಪ್ಪು ಹಾಕಿದೆವು. ಅತ್ತೆ ಹಣೆಗೆ ಕುಂಕುಮ ಇಟ್ಟರು. ನಾನು ಕೊರಳಿನ ಗಂಟೆ ಬಿಚ್ಚಿಕೊಂಡೆ.

ಕಷ್ಟ ಶುರುವಾಗಿದ್ದು ಮರುದಿನ ಬೆಳಿಗ್ಗೆ ಐದಕ್ಕೆ. ಎಚ್ಚರ ಆಗೇ ಆಗುತ್ತೆ, ಅಲ್ವಾ? ಕೈ ತಾನೇ ಹೋಗಿ ಕ್ಯಾನು ತೊಳೆಯಿತು. ತೊಳೆದ ಕ್ಯಾನು ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಂತೆ. ಗೋದಲಿಯಲ್ಲಿ ಅವಳು ತಿಂದು ಬಿಟ್ಟ ಸೊಪ್ಪೆ ಹಾಗೇ ಇತ್ತು. ಒಳಗಿನಿಂದ ಕರು ಅಂಬಾ ಅಂತು.

ಮೂರು ತಿಂಗಳ ಹೆಣ್ಗರು. ಪಕ್ಕದ ಮನೆಯಿಂದ ಹಾಲು ತಂದು ಬಕೆಟ್ಟಿನಲ್ಲಿಟ್ಟರೆ ಮೂತಿಯನ್ನೂ ಹಾಕಲಿಲ್ಲ. ಎರಡು ಬೆರಳು ಹಾಲಿನಲ್ಲಿ ಅದ್ದಿ ಬಾಯಿಗೆ ಕೊಟ್ಟೆ. ಚೀಪಿತು. ಒರಟು ನಾಲಿಗೆ, ಬಿಸಿ ಬಿಸಿ. ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಬಕೆಟ್ಟಿಗೆ ಇಳಿಸಬೇಕು. ಮೊದಲ ದಿನ ಮೂಗಿಗೆ ಹಾಲು ಹೋಗಿ ಸೀನಿ, ನನ್ನ ಸೀರೆಯೆಲ್ಲ ಹಾಲು. ಮೂರನೇ ದಿನ ನಾನು ಬೆರಳು ತೆಗೆದದ್ದೂ ಅದಕ್ಕೆ ಗೊತ್ತಾಗಲಿಲ್ಲ, ಕುಡಿಯುತ್ತಲೇ ಇತ್ತು. ಆ ಮೂರು ದಿನ ಬೆಳಿಗ್ಗೆ ಐದಕ್ಕೆ ಏನು ಮಾಡಲಿ ಅನ್ನೋ ಪ್ರಶ್ನೆ ಬರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಸಮಾಧಾನ ಹೇಳಲು ಬಂದವರಲ್ಲ.

ಅವರ ಬಾಯಲ್ಲಿ ಎರಡೇ ಮಾತು. ಒಂದು, ದನಕ್ಕೆ ಯಾರಾದರೂ ಇಷ್ಟು ಅಳ್ತಾರಾ. ಇನ್ನೊಂದು, ಇನ್ನೊಂದು ಕಟ್ಟಿಕೊಂಡರಾಯ್ತು. ನಮ್ಮನೆಯವರೂ ಸಂತೆಗೆ ಹೋಗೋಣ ಅಂದರು. ಹಾಲಿನ ದುಡ್ಡು ನಿಂತರೆ ನಮಗೂ ಕಷ್ಟವೇ, ಸುಳ್ಳು ಹೇಳಲ್ಲ. ಆದರೂ ಸಂಕ್ರಾಂತಿವರೆಗೆ ಬೇಡ ಅಂದೆ. ಆ ಗೂಟಕ್ಕೆ ಆ ವಾರವೇ ಬೇರೆ ಹಸು ಕಟ್ಟಿದ್ದರೆ ನಾನು ಅದನ್ನು ದ್ವೇಷಿಸುತ್ತಿದ್ದೆ. ಪಾಪ, ಅದರದ್ದೇನು ತಪ್ಪು?

ಗಂಟಿನ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಕಣ್ಣಿ ಹಳೇದು, ಹರಿದಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಸುಮ್ನೆ ಇದ್ದೆ. ಐದನೇ ರಾತ್ರಿ ರೊಟ್ಟಿ ತಟ್ಟುವಾಗ ಅತ್ತೆಗೆ ಹೇಳಿಬಿಟ್ಟೆ. ಅವರು ಹಂಚಿನ ಮೇಲಿನ ರೊಟ್ಟಿ ಮಗುಚಿದರು. "ಕಣ್ಣಿ ನಾನೂ ನೋಡಿದ್ದೆ ಕಣವ್ವ, ಹರಿದಿರಲಿಲ್ಲ" ಅಂದರು. ಅಷ್ಟೇ. ಆಮೇಲೆ ದಿನಾ ರಾತ್ರಿ ಮಲಗುವ ಮುಂಚೆ ಹೋಗಿ ಕರುವಿನ ಗಂಟನ್ನು ಒಂದು ಸಲ ಜಗ್ಗಿ ನೋಡಿ ಬರುತ್ತಾರೆ. ನನಗೆ ಬೇಜಾರಾಗಲ್ಲ. ಅವತ್ತೇ ನಾನು ಚೆನ್ನಾಗಿ ನಿದ್ದೆ ಮಾಡಿದ್ದು.

ಅಷ್ಟರಲ್ಲಿ ಪಾಡ್ಯ ಬಂತು. ಸಗಣಿಯಿಂದ ಹಟ್ಟಿಲಕ್ಕವ್ವನ್ನ ಮಾಡಿ ಬಾಗಿಲಲ್ಲಿಡುವ ದಿನ. ನಮ್ಮ ಹಸು ಹುಟ್ಟಿದ್ದೂ ಒಂದು ಪಾಡ್ಯದ ದಿನವೇ, ಅದಕ್ಕೇ ಆ ಹೆಸರು. ಪಕ್ಕದ ಮನೆಯಿಂದ ಸಗಣಿ ತರಲು ಬುಟ್ಟಿ ತಗೊಂಡೆ. ಅತ್ತೆ ತಡೆದರು, "ಯಾಕೆ, ನಮ್ಮ ಕೊಟ್ಟಿಗೆಲಿ ಇಲ್ವಾ?"

ಕರುವಿನ ಸಗಣಿ ಎಷ್ಟಿರುತ್ತೆ, ಒಂದು ಹಿಡಿ. ಮೆತ್ತಗೆ ಬೇರೆ. ಹಿಂದೆಲ್ಲ ಅಂಗೈ ಅಗಲ ಕೂರುತ್ತಿದ್ದ ಲಕ್ಕವ್ವ ಈ ಸಲ ಹೆಬ್ಬೆರಳಷ್ಟಾದಳು. ಉತ್ತರಾಣಿ ಕಡ್ಡಿ ಚುಚ್ಚಿದೆ. ಇಡೀ ಚೆಂಡುಹೂ ಸಿಕ್ಕಿಸಿದರೆ ವಾಲುತ್ತಿತ್ತು. ಎಸಳು ಕಿತ್ತು ಒಂದೊಂದಾಗಿ ಅಂಟಿಸಿದೆ.