ಎಲೆ ಕರಗಿದರೂ ಬೇರು ಬದುಕಿತ್ತು

ನಮ್ಮ ಹಜಾರದಲ್ಲಿರುವ ಮೀನಿನ ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಮೂರು ವರ್ಷ ಅದರಲ್ಲಿ ಪ್ಲಾಸ್ಟಿಕ್ ಗಿಡಗಳೇ ಇದ್ದವು. ಅವುಗಳ ಚೂಪು ಅಂಚಿಗೆ ಸಿಕ್ಕಿ ಒಂದು ಗಪ್ಪಿಯ ಬಾಲ ಸೀಳಿದ್ದನ್ನು ಕಂಡ ದಿನವೇ ಎಲ್ಲವನ್ನೂ ತೆಗೆದು ಹಾಕಿದೆ.

ಅಂಗಡಿಯಿಂದ ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಅನುಬಿಯಾಸ್ ಎಂಬ ಮೂರು ಬಗೆಯ ಗಿಡ ತಂದೆ. ಕೊನೆಯ ಎರಡೂ ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದವು. ನಾನು ತಂದ ಕ್ರಿಪ್ಟೊಕೊರೈನ್ ಶ್ರೀಲಂಕಾ ಮೂಲದ್ದು. ಅದರ ಬಂಧುಗಳು ಪಶ್ಚಿಮಘಟ್ಟದ ಹಳ್ಳಗಳಲ್ಲೂ ಬೆಳೆಯುತ್ತವೆ ಎಂದು ತಿಳಿದಾಗ ಅದರ ಮೇಲೆ ಅಕ್ಕರೆ ಇನ್ನಷ್ಟು ಹೆಚ್ಚಿತು.

ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಎರಡು ಅಂಗುಲ ದಪ್ಪಕ್ಕೆ ಹರಡಿದೆ. ಬಸವನಹುಳುವಿನ ಮೊಟ್ಟೆ ಅಂಟಿಕೊಂಡಿದ್ದರೆ ಹೋಗಲೆಂದು ಗಿಡಗಳನ್ನು ಪಟಿಕ ಕರಗಿಸಿದ ನೀರಿನಲ್ಲಿ ಎರಡು ಗಂಟೆ ನೆನೆಸಿ, ಚೆನ್ನಾಗಿ ತೊಳೆದೆ. ಬೇರಿಗೆ ಸುತ್ತಿದ್ದ ಹತ್ತಿಯಂಥ ನಾರನ್ನು ಬಿಡಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ತೊಟ್ಟಿಗೆ ಅರ್ಧ ನೀರು ತುಂಬಿ, ಉದ್ದನೆಯ ಚಿಮಟದಿಂದ ಒಂದೊಂದೇ ಗಿಡ ನೆಟ್ಟೆ.

ನಾಲ್ಕನೆಯ ದಿನ ಕ್ರಿಪ್ಟೊಕೊರೈನ್ ಎಲೆಗಳು ಬೇಯಿಸಿದ ಬಸಳೆಯಂತೆ ಲೋಳೆಯಾದವು. ಹತ್ತನೆಯ ದಿನದ ಹೊತ್ತಿಗೆ ಮರಳಿನ ಮೇಲೆ ಬರೀ ಮೋಟು ತೊಟ್ಟುಗಳು ಉಳಿದಿದ್ದವು. ಕಿತ್ತೆಸೆಯಲು ಕೈ ಹಾಕಿದಾಗ ಅಮ್ಮ ತಡೆದರು. "ಗದ್ದೆಗೆ ನಾಟಿ ಮಾಡಿದ ಪೈರು ಮೊದಲ ವಾರ ಬಾಡುವುದಿಲ್ಲವೇ? ಬೇರು ಹಿಡಿಯಲಿ, ಬಿಡು" ಎಂದರು.

ಬಿಟ್ಟೆ. ನರ್ಸರಿಗಳಲ್ಲಿ ಈ ಗಿಡಗಳನ್ನು ಹೆಚ್ಚಾಗಿ ಬೇರು ಮಾತ್ರ ತೇವದಲ್ಲಿರುವಂತೆ, ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ ಎಂದು ಆಮೇಲೆ ತಿಳಿಯಿತು. ಗಾಳಿಗೆಂದು ಮೂಡಿದ ಎಲೆ ನೀರಿನೊಳಗೆ ಬಾಳದು. ಗಿಡ ಅದನ್ನು ಬಿಟ್ಟು ಹೊಸದನ್ನು ಕಟ್ಟಿಕೊಳ್ಳಬೇಕು. ಕೊಳೆತ ಎಲೆಯಿಂದ ನೀರಿನಲ್ಲಿ ಅಮೋನಿಯಾ ಏರಿ ಮೀನಿಗೆ ಅಪಾಯವಾಗಬಹುದೆಂದು ಲೋಳೆಯಾದುದನ್ನೆಲ್ಲ ಕತ್ತರಿಸಿ ತೆಗೆದೆ. ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಿಸಿದೆ. ಬೇರನ್ನು ಮಾತ್ರ ಮುಟ್ಟಲಿಲ್ಲ. ಮೂರನೆಯ ವಾರ ಒಂದು ಮೋಟಿನ ನಡುವಿನಿಂದ ಕಂದು ಬಣ್ಣದ ಕುಡಿ ಎದ್ದಿತು, ಬಾಳೆಯ ಸುಳಿಯಂತೆ ಬಿಗಿಯಾಗಿ ಸುತ್ತಿಕೊಂಡಿತ್ತು. ಟಾರ್ಚ್ ಹಿಡಿದು ಅಂದು ರಾತ್ರಿ ಎಷ್ಟು ಸಲ ನೋಡಿದೆನೋ!

ಅನುಬಿಯಾಸ್ ವಿಷಯದಲ್ಲಿ ತಪ್ಪು ನನ್ನದೇ. ಅದಕ್ಕೆ ಶುಂಠಿಯಂಥ ಅಡ್ಡಕಾಂಡವಿದೆ. ಶುಂಠಿಯಂತೆಯೇ ಹೂಳಬೇಕೆಂದುಕೊಂಡು ಮರಳಿನೊಳಗೆ ಒತ್ತಿದ್ದೆ. ಒಂದು ತಿಂಗಳಲ್ಲಿ ಎಲೆಗಳು ಮುಟ್ಟಿದರೆ ಕಳಚಿ ಬಂದವು. ಕಾಂಡ ಮೆತ್ತಗಾಗಿ ವಾಸನೆ ಬರುತ್ತಿತ್ತು. ಗಟ್ಟಿಯಾಗಿ ಹಸಿರಿದ್ದ ಎರಡು ಎಲೆಯ ತುಂಡನ್ನಷ್ಟೇ ಉಳಿಸಿ, ಒಂದು ಮರದ ತುಂಡಿಗೆ ಹತ್ತಿಯ ದಾರದಿಂದ ಕಟ್ಟಿದೆ. ಅಡ್ಡಕಾಂಡ ನೀರಿಗೆ ತೆರೆದೇ ಇರಬೇಕು, ಬೇರು ತಾನೇ ಮರವನ್ನು ಹಿಡಿದುಕೊಳ್ಳುತ್ತದೆ. ಒಂದೊಂದು ಎಲೆಗೂ ಮೂರು ನಾಲ್ಕು ವಾರ ಕಾಯಬೇಕು. ಈಗ ಹನ್ನೊಂದು ಎಲೆಗಳಿವೆ.

ದೀಪ ಹೆಚ್ಚು ಉರಿಸಿದಷ್ಟೂ ಒಳ್ಳೆಯದೆಂದು ದಿನಕ್ಕೆ 12 ಗಂಟೆ ಹಾಕಿದಾಗ ಗಾಜಿನ ತುಂಬ ಪಾಚಿ ಕಟ್ಟಿತು. ಏಳು ಗಂಟೆಗೆ ಇಳಿಸಿದ ಮೇಲೆ ಹತೋಟಿಗೆ ಬಂತು. ಬರೀ ಮರಳಿನಲ್ಲಿ ಸತ್ವವಿಲ್ಲವಾದ್ದರಿಂದ ಬೇರಿನ ಪಕ್ಕದಲ್ಲಿ ಗೊಬ್ಬರದ ಮಾತ್ರೆ ಹೂಳುತ್ತೇನೆ. ಗೋಲ್ಡ್‌ಫಿಶ್ ಸಾಕುವವರು ಮೆತ್ತನೆಯ ಗಿಡ ನೆಡುವ ಮೊದಲು ಯೋಚಿಸಬೇಕು. ಅವು ಕಿತ್ತು ತಿನ್ನುತ್ತವೆ. ನನ್ನ ಗಪ್ಪಿಗಳಿಂದ ಆ ಕಾಟವಿಲ್ಲ. ಅವುಗಳ ಮರಿಗಳು ವ್ಯಾಲಿಸ್ನೇರಿಯಾದ ಪೊದೆಯಲ್ಲಿ ಅಡಗಿ ಬದುಕುತ್ತಿವೆ. ಮೊದಲು ದೊಡ್ಡ ಮೀನುಗಳೇ ಅವನ್ನು ನುಂಗಿಬಿಡುತ್ತಿದ್ದವು.

ಕಳೆದ ಭಾನುವಾರ ಕ್ರಿಪ್ಟೊಕೊರೈನ್‌ನ ಒಂದು ಮರಿಗಿಡವನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ಇದು ನೀರಿನೊಳಗೇ ಹುಟ್ಟಿದ್ದು, ಅಷ್ಟಾಗಿ ಕರಗಲಾರದು. ಆದರೂ ನೀರು ಬದಲಾದರೆ ಎಲೆ ಉದುರಿಸುವ ಸ್ವಭಾವ ಅದಕ್ಕಿದೆ. ಒಂದು ತಿಂಗಳು ಕೀಳಬಾರದೆಂದು ಮಾತು ತೆಗೆದುಕೊಂಡೇ ಕಳುಹಿಸಿದ್ದೇನೆ.